ಬೆನ್ನುಚೀಟಿ ಅಚ್ಚೊತ್ತುವ ಯಂತ್ರ

ಗೊಶ್ ಮೇದಾ
ಮಿಯಾಜ್ಯ 12, 2010

ಮಾನ್ಯ ವೊಯ್ಜರಿತ್ ತಿರಿಂಗೊ ಯಿಮರ್ ಅವರಿಗೆ,

ಮೊದಲು ಕ್ಷಮೆ ಕೇಳಬೇಕಾಗಿದೆ. ಕಳೆದ ತಿಂಗಳ ಪತ್ರದಲ್ಲಿ ನಮ್ಮ ಗ್ರಂಥಾಲಯದ ಪುಸ್ತಕಗಳ ಬೆನ್ನಿಗೆ ಅಂಟಿಸುವ ಬೆನ್ನುಚೀಟಿಯ ಅಗಲವನ್ನು ಮೂವತ್ತೆಂಟು ಮಿಲಿಮೀಟರ್ ಎಂದು ಬರೆದಿದ್ದೆ. ಅದು ಇಪ್ಪತ್ತೆಂಟು. ಅಳತೆಪಟ್ಟಿಯ ಮೊದಲ ಹತ್ತು ಗೆರೆಗಳು ಸವೆದುಹೋಗಿರುವುದರಿಂದ ಹತ್ತರಿಂದ ಅಳೆದೆ. ಕೊನೆಯಲ್ಲಿ ಹತ್ತನ್ನು ಕಳೆಯಲು ಮರೆತೆ. ಇಂತಹ ತಪ್ಪನ್ನು ಬೇರೆಯವರು ಮಾಡಿದ್ದರೆ ನಾನು ಏನೆನ್ನುತ್ತಿದ್ದೆನೆಂಬುದು ತಮಗೆ ಗೊತ್ತು.

ತಾವು ಇಲ್ಲಿ ಆರು ವರ್ಷ ನನ್ನ ಸಹಾಯಕಿಯಾಗಿದ್ದವರು. ಆದ್ದರಿಂದ ವಿಷಯವನ್ನು ಚಿಕ್ಕದಾಗಿ ಹೇಳುತ್ತೇನೆ. ಗುಡ್ಡದ ಮೇಲೆ ಕಟ್ಟುತ್ತಿರುವ ಹೊಸ ಓದುಮನೆ ಬರುವ ಮೆಸ್ಕೆರೆಮ್ ಒಂದರಂದು, ಹೊಸ ವರ್ಷದ ದಿನ, ತೆರೆಯಲಿದೆ. ಯಂತ್ರದಲ್ಲಿ ಅಚ್ಚಾದ ಬೆನ್ನುಚೀಟಿ ಇರುವ ಪುಸ್ತಕಗಳಿಗೆ ಮಾತ್ರ ಅಲ್ಲಿ ಜಾಗ. ಕೈಬರಹದ ಚೀಟಿಯವು ಅದರ ಹಿಂದಿನ ಅಂಗಳದಲ್ಲಿ ತಂದಿರಿಸಿರುವ ಕಬ್ಬಿಣದ ಕಂಟೇನರಿಗೆ ಹೋಗತಕ್ಕದ್ದು ಎಂದು ಪುರಸಭೆ ಆಜ್ಞೆ ಹೊರಡಿಸಿದೆ. ಎಲ್ಲರಂತೆ ನನ್ನನ್ನು ಹಿರಿಯನೆಂದು ಗಾಶೆ ಎನ್ನುವ ಕಟ್ಟಡದ ಅಧಿಕಾರಿ ಅತೊ ಸಿಸಾಯ್ ಅವರ ಮಾತಿನಲ್ಲಿ ಹೇಳುವುದಾದರೆ, "ಎಲ್ಲಾ ಒಂದೇ ಥರ ಕಾಣಬೇಕು ಗಾಶೆ, ಮದುವೆ ಫೋಟೋ ಇದ್ದ ಹಾಗೆ."

ನಮ್ಮ ಅಕ್ಷರದ ಪುಸ್ತಕಗಳು ಆರು ಸಾವಿರದ ನಾನೂರ ಹತ್ತು. ಅವೆಲ್ಲಕ್ಕೂ ಇರುವುದು ನನ್ನ ಕೈಬರಹ, ಕೆಲವಕ್ಕೆ ತಮ್ಮದು. ತಾವು ಈಗ ಕೆಲಸ ಮಾಡುತ್ತಿರುವ ನೆರವಿನ ನಿಧಿಯು ಪ್ರತಿ ಗ್ರಂಥಾಲಯಕ್ಕೆ ಒಂದು ಮುದ್ರಣ ಯಂತ್ರ ಕೊಡುತ್ತದೆ, ಯಾವುದು ಬೇಕೆಂದು ನಾವೇ ಆರಿಸಿ ತಿಳಿಸಬೇಕು ಎಂದು ಕೇಳಿದೆ. ದಯವಿಟ್ಟು ವಿವರ ಕಳುಹಿಸಬೇಕು.

ವಿಧೇಯ,
ಅಬೆಗಾಜ್ ಮೆರ್ಷಾ
ಗ್ರಂಥಪಾಲಕ


ಅಡಿಸ್ ಅಬಾಬಾ
2 ಮೇ 2018

ಮಾನ್ಯ ಅತೊ ಅಬೆಗಾಜ್ ಅವರಿಗೆ,

ಮೂರು ಯಂತ್ರಗಳ ವಿವರಪತ್ರಗಳನ್ನೂ ಪ್ರತಿಯೊಂದರಿಂದ ಅಚ್ಚಾದ ಮಾದರಿ ಚೀಟಿಗಳನ್ನೂ ಇದರೊಂದಿಗೆ ಇಟ್ಟಿದ್ದೇನೆ. ಮೊದಲನೆಯದಕ್ಕೆ ಲ್ಯಾಟಿನ್ ಅಕ್ಷರ ಮಾತ್ರ ಬರುತ್ತದೆ. ಎರಡನೆಯದಕ್ಕೆ ನಮ್ಮ ಫಿದಲ್ ಲಿಪಿ ಬರುತ್ತದೆ, ಆದರೆ ಅದು ಕಾಗದವನ್ನು ಕಾಯಿಸಿ ಅಕ್ಷರ ಮೂಡಿಸುತ್ತದೆ, ಮಸಿ ಇಲ್ಲ. ಮೂರನೆಯದು ಮಸಿಯ ರಿಬ್ಬನ್ ಇರುವಂಥದು. ಅದಕ್ಕೂ ಫಿದಲ್ ಬರುತ್ತದೆ. ಮೂರರಲ್ಲಿ ಯಾವುದನ್ನು ಕೇಳಿದರೂ ನಿಧಿ ಕೊಡುತ್ತದೆ. ಆಯ್ಕೆ ತಿಳಿಸದ ಗ್ರಂಥಾಲಯಕ್ಕೆ ಮೊದಲನೆಯದು ಹೋಗುತ್ತದೆ. ಮೇ ತಿಂಗಳ ಕೊನೆಯೊಳಗೆ ಅರ್ಜಿ ನನ್ನ ಕೈಸೇರಬೇಕು.

ಒಂದು ಸೂಚನೆ. ಅರ್ಜಿಯ ತಾರೀಕನ್ನು ಪರದೇಶದ ಎಣಿಕೆಯಲ್ಲಿ ಬರೆಯಿರಿ. ಹಣ ಹೊರಗಿನದು, ಅರ್ಜಿಗಳನ್ನು ಮೊದಲು ಓದುವುದು ಒಂದು ಗಣಕಯಂತ್ರ. ನಮ್ಮ ವರ್ಷ ಅದರ ವರ್ಷಕ್ಕಿಂತ ಏಳೆಂಟು ಹಿಂದಿದೆ, ನಮಗೆ ಹದಿಮೂರು ತಿಂಗಳುಗಳಿವೆ ಎಂಬುದನ್ನು ಅದಕ್ಕೆ ಯಾರೂ ಹೇಳಿಕೊಟ್ಟಿಲ್ಲ.

ಆರು ವರ್ಷ 'ನೀನು' ಎಂದು ಕರೆದವರು ಈಗ ಹೆಸರಿಗೆ 'ವೊಯ್ಜರಿತ್' ಎಂಬ ಗೌರವ ಸೇರಿಸಿ 'ತಾವು' ಎಂದು ಬರೆಯುತ್ತಿದ್ದೀರಿ. ಕಚೇರಿಯ ಪತ್ರಕ್ಕೆ ಅದೇ ಸರಿ ಎಂದು ತಿಳಿಯುತ್ತೇನೆ.

ತಿರಿಂಗೊ ಯಿಮರ್
ಖರೀದಿ ವಿಭಾಗ


ಗೊಶ್ ಮೇದಾ
ಗಿನ್ಬೊತ್ 6, 2010

ಮಾನ್ಯ ವೊಯ್ಜರಿತ್ ತಿರಿಂಗೊ ಅವರಿಗೆ,

ಅರ್ಜಿಯನ್ನು ಇದರೊಂದಿಗೆ ಕಳುಹಿಸಿದ್ದೇನೆ. ನಮ್ಮ ಆಯ್ಕೆ ಮೂರನೆಯ ಯಂತ್ರ.

ಆರಿಸಲು ಹನ್ನೊಂದು ದಿನ ತೆಗೆದುಕೊಂಡೆ. ಮೂರು ಮಾದರಿ ಚೀಟಿಗಳನ್ನೂ ಹಳೆಯ ಹಾಜರಿ ಪುಸ್ತಕದ ಬೆನ್ನಿಗೆ ಅಂಟಿಸಿ, ಒಂದು ಹಗಲು ನೀರಿನಲ್ಲಿಟ್ಟೆ, ಇನ್ನೊಂದು ಹಗಲು ಬಿಸಿಲಿನಲ್ಲಿಟ್ಟೆ. ಆಮೇಲೆ ಸೀಮೆಎಣ್ಣೆಯ ಬಟ್ಟೆಯಿಂದ ಉಜ್ಜಿದೆ. ನಮ್ಮಲ್ಲಿ ಕಸಗುಡಿಸುವ, ಕಾಫಿ ಕಾಯಿಸುವ ಜೆಹಾರಾ ತಮಗೆ ನೆನಪಿರಬಹುದು. ಆಕೆ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ಏನ್ ಗಾಶೆ, ಚೀಟಿಗೆ ಮದುಮಗಳ ಸ್ನಾನ ಮಾಡಿಸ್ತಿದ್ದೀರಾ?"

"ಬಣ್ಣ ಬಿಡುತ್ತೋ ಇಲ್ಲವೋ ನೋಡ್ತಿದ್ದೀನಿ."

"ಮದುವೆಗೆ ಮುಂಚೆ ನೋಡ್ಕೊಳ್ಳೋದು ಒಳ್ಳೇದೇ. ನನ್ನ ಗಂಡನ್ನ ಹೀಗೆ ನೆನೆಹಾಕಿ ನೋಡಿದ್ದಿದ್ರೆ ನಾನು ಇಲ್ಲಿ ಪೊರಕೆ ಹಿಡೀತಿರಲಿಲ್ಲ."

ಆಕೆಯೇ ನನಗೊಂದು ಉಪಕಾರ ಮಾಡಿದಳು. ಔಷಧದ ಅಂಗಡಿಯವನು ಕೊಟ್ಟಿದ್ದ ರಸೀತಿಯೊಂದನ್ನು ಆಕೆ ಕಿಟಕಿಯ ಗಾಜಿನ ಬಿರುಕಿಗೆ ಅಂಟಿಸಿ ಎರಡು ತಿಂಗಳಾಗಿತ್ತು. ಅದನ್ನು ಕಿತ್ತು ತಂದಳು. ಪೂರ್ತಿ ಬೆಳ್ಳಗಾಗಿತ್ತು, ಒಂದಕ್ಷರ ಉಳಿದಿರಲಿಲ್ಲ. ಎರಡನೆಯ ಯಂತ್ರದ ಕಾಗದವೂ ಅದೇ ಜಾತಿಯದು. ಅದನ್ನು ಆರಿಸಿದರೆ ಎರಡು ವರ್ಷದಲ್ಲಿ ಆರು ಸಾವಿರ ಪುಸ್ತಕಗಳು ಹೆಸರಿಲ್ಲದೆ ನಿಲ್ಲುತ್ತವೆ. ಮೂರನೆಯದರ ಅಕ್ಷರ ಸೀಮೆಎಣ್ಣೆಗೂ ಬಗ್ಗಲಿಲ್ಲ. ಅದರಲ್ಲಿ ಉಚ್ಚಾರ ಒಂದೇ ಆದರೂ ರೂಪ ಬೇರೆಯಾದ ನಮ್ಮ ಎರಡು ಸಕಾರಗಳು, ಅರಸನ ಸ ಬೇರೆ, ಬೆಂಕಿಯ ಸ ಬೇರೆ ಎಂದು ಸ್ಪಷ್ಟವಾಗಿ ಮೂಡಿದೆ. ಇಪ್ಪತ್ತೆಂಟು ಮಿಲಿಮೀಟರಿನಲ್ಲಿ ಮೂರು ಸಾಲು ಹಿಡಿಯುತ್ತದೆ.

ತಾರೀಕಿನ ವಿಷಯ. ಅರ್ಜಿಯಲ್ಲಿ ತಾರೀಕಿಗೆಂದು ಆರು ಚೌಕಗಳಿದ್ದವು. 06/09/10 ಎಂದು ಬರೆದಿದ್ದೇನೆ. ಇಂದು ಒಂಬತ್ತನೆಯ ತಿಂಗಳಾದ ಗಿನ್ಬೊತ್‌ನ ಆರನೆಯ ದಿನ, ವರ್ಷ ಎರಡು ಸಾವಿರದ ಹತ್ತು. ಈ ನಾಡಿನಲ್ಲಿ ಕುಳಿತು ಬರೆಯುವವನು ಈ ನಾಡಿನ ತಾರೀಕನ್ನು ಬರೆಯುತ್ತಾನೆ. ಓದುವ ಯಂತ್ರಕ್ಕೆ ತಿಳಿಯದಿದ್ದರೆ ಕಲಿಸಬೇಕಾದದ್ದು ಯಂತ್ರಕ್ಕೆ. ನನ್ನ ಅರ್ಜಿಯಲ್ಲಿ ಒಂದು ಚುಕ್ಕೆಯನ್ನೂ ಯಾರೂ ಬದಲಿಸಕೂಡದು. ಇನ್ನೊಬ್ಬರ ಪುಟಕ್ಕೆ ಕೈಹಾಕಬಾರದೆಂದು ತಮಗೆ ಕಲಿಸಿದವನು ನಾನೇ.

ವಿಧೇಯ,
ಅಬೆಗಾಜ್ ಮೆರ್ಷಾ


ಅಡಿಸ್ ಅಬಾಬಾ
21 ಮೇ 2018

ಮಾನ್ಯ ಅತೊ ಅಬೆಗಾಜ್ ಅವರಿಗೆ,

ಅರ್ಜಿ ತಲುಪಿತು. ಒಂದು ಚುಕ್ಕೆಯನ್ನೂ ಬದಲಿಸದೆ ಒಳಗೆ ಕಳುಹಿಸಿದ್ದೇನೆ.

ತಿರಿಂಗೊ ಯಿಮರ್


ಗೊಶ್ ಮೇದಾ
ಸೆನೆ 20, 2010

ಮಾನ್ಯ ವೊಯ್ಜರಿತ್ ತಿರಿಂಗೊ ಅವರಿಗೆ,

ಅರ್ಜಿಗೆ ಉತ್ತರ ಬಂದಿಲ್ಲ. ಅವಸರಪಡಿಸಲು ಬರೆಯುತ್ತಿಲ್ಲ. ಯಂತ್ರ ಬಂದ ದಿನವೇ ಕೆಲಸ ಆರಂಭಿಸಲು ಎಲ್ಲ ಸಿದ್ಧವಾಗಿದೆ ಎಂದು ತಿಳಿಸಲು ಬರೆಯುತ್ತಿದ್ದೇನೆ.

ಪ್ರತಿ ಪುಸ್ತಕದ ಮೂರು ಸಾಲುಗಳನ್ನೂ ಹಾಳೆಗಳ ಮೇಲೆ ಅನುಕ್ರಮವಾಗಿ ಬರೆದಿಟ್ಟಿದ್ದೇನೆ: ವಿಷಯದ ಅಂಕಿ, ಲೇಖಕರ ಹೆಸರಿನ ಮೊದಲ ಅಕ್ಷರಗಳು, ಸಂಪುಟ. ಬರೆದವಳು ಜೆಹಾರಾಳ ತಂಗಿ, ಹೇಳಿದವನು ನಾನು. ನನ್ನ ಬಲಗೈ ಎರಡು ವರ್ಷದಿಂದ ನಡುಗುತ್ತಿದೆ. ಇದನ್ನು ಪುರಸಭೆಗೆ ತಿಳಿಸಿಲ್ಲ. ಪತ್ರವನ್ನು ನಿಧಾನವಾಗಿ ಬರೆಯಬಹುದು, ಮಣಿಕಟ್ಟಿಗೆ ಎಡಗೈ ಆಸರೆ ಕೊಡಬಹುದು. ಇಪ್ಪತ್ತೆಂಟು ಮಿಲಿಮೀಟರಿನ ಚೀಟಿಯ ಮೇಲೆ ಆಗುವುದಿಲ್ಲ. ಯಂತ್ರ ಬಾರದಿದ್ದರೆ ಬೇರೆ ದಾರಿ ಇಲ್ಲವೆಂದು ಹೇಳಲು ಇಷ್ಟು ಬರೆದೆ.

ಮಳೆ ಹಿಡಿದಿದೆ. ನಿನ್ನೆ ಅತೊ ಸಿಸಾಯ್ ಅವರನ್ನು ಕಂಟೇನರಿನೊಳಗೆ ಕರೆದುಕೊಂಡು ಹೋಗಿ ಮೂಲೆಯಲ್ಲಿ ನಿಂತಿರುವ ನೀರನ್ನು ತೋರಿಸಿದೆ.

"ಗಾಶೆ, ಪುಸ್ತಕ ಎಲ್ಲಿಗೂ ಓಡಿಹೋಗಲ್ಲ. ಲೇಬಲ್ ಬಂದ ಮೇಲೆ ತೆಗೆದು ಜೋಡಿಸೋಣ."

"ಓಡಿಹೋಗೋದಿಲ್ಲ. ಕೊಳೀತವೆ."

"ಅದಕ್ಕೇ ಪ್ರಿಂಟರ್ ಬೇಗ ತರಿಸಿ ಅಂತ ಹೇಳ್ತಿರೋದು. ಅಲ್ಲಿ ಆಫೀಸಲ್ಲಿ ನಿಮ್ಮ ಹುಡುಗಿನೇ ಕೂತಿದ್ದಾಳಂತಲ್ಲ. ಒಂದು ಮಾತು ಹಾಕಿ."

ತಾವು ಯಾರ ಹುಡುಗಿಯೂ ಅಲ್ಲ, ನಿಧಿಯ ಅಧಿಕಾರಿ ಎಂದು ತಿಳಿಸಿದೆ. ಅವರು ನಕ್ಕರು.

ವಿಧೇಯ,
ಅಬೆಗಾಜ್ ಮೆರ್ಷಾ


ಅಡಿಸ್ ಅಬಾಬಾ
16 ಜುಲೈ 2018

ಮಾನ್ಯ ಅತೊ ಅಬೆಗಾಜ್ ಅವರಿಗೆ,

ತಿಳಿಸಲು ವಿಷಾದವಾಗುತ್ತದೆ. ತಮ್ಮ ಅರ್ಜಿ ತಿರಸ್ಕೃತವಾಗಿದೆ. ಗಣಕಯಂತ್ರ 06/09/10 ಎಂಬುದನ್ನು 2010ನೆಯ ಇಸವಿಯ ಸೆಪ್ಟೆಂಬರ್ ಆರು ಎಂದು ಓದಿ, ಸುಮಾರು ಎಂಟು ವರ್ಷ ಹಳೆಯ ಅರ್ಜಿ ಎಂದು ಪಕ್ಕಕ್ಕಿಟ್ಟಿತು. ಪಕ್ಕಕ್ಕಿಟ್ಟವುಗಳನ್ನು ಯಾರೂ ತೆರೆದು ನೋಡುವುದಿಲ್ಲ. ಕಳೆದ ವಾರ ಪಟ್ಟಿ ಮುಚ್ಚಿದಾಗ ಗೊಶ್ ಮೇದಾ 'ಆಯ್ಕೆ ತಿಳಿಸಿಲ್ಲ' ಎಂಬ ಸಾಲಿನಲ್ಲಿತ್ತು.

ಮೇಲಿನವರ ಬಳಿ ಎರಡು ಸಲ ಹೋದೆ. ಎರಡನೆಯ ಸಲ ಅವರು ಹೀಗೆಂದರು: "ನಿಮ್ಮೂರು ಅಂತ ಗೊತ್ತು ತಿರಿಂಗೊ. ಆದ್ರೆ ಹಡಗಲ್ಲಿ ಸಾಮಾನು ಹೊರಟಾಗಿದೆ. ಹಡಗನ್ನ ವಾಪಸ್ ತಿರುಗಿಸು ಅಂತೀಯಾ?"

ಮೊದಲನೆಯ ಯಂತ್ರ ತಮ್ಮಲ್ಲಿಗೆ ಹೊರಟಿದೆ. ಮುಂದಿನ ಹಂಚಿಕೆ ಆರು ವರ್ಷದ ನಂತರ.

ತಿರಿಂಗೊ ಯಿಮರ್


ಗೊಶ್ ಮೇದಾ
ನೆಹಾಸೆ 3, 2010

ಮಾನ್ಯ ವೊಯ್ಜರಿತ್ ತಿರಿಂಗೊ ಅವರಿಗೆ,

ಯಂತ್ರ ತಲುಪಿತು. ಪೆಟ್ಟಿಗೆ ನಜ್ಜಾಗಿರಲಿಲ್ಲ.

ಪುರಸಭೆಯ ಗಣಕದ ಹುಡುಗಿ ಬಂದು ತಂತಿ ಜೋಡಿಸಿಕೊಟ್ಟಳು. ಪಟ್ಟಿಯ ಮೊದಲ ಪುಸ್ತಕದ ಮೂರು ಸಾಲುಗಳನ್ನು ಒತ್ತಿದೆವು. ಅಂಕಿ ಸರಿಯಾಗಿ ಬಂತು. ಅಕ್ಷರ ಬರಬೇಕಾದಲ್ಲಿ ಮೂರು ಖಾಲಿ ಚೌಕಗಳು ಬಂದವು. ಬೇರೆ ಪುಸ್ತಕದ್ದನ್ನು ಒತ್ತಿದೆವು. ಅವೇ ಮೂರು ಚೌಕಗಳು.

ಜೆಹಾರಾ ಚೀಟಿಯನ್ನು ಬೆಳಕಿಗೆ ಹಿಡಿದು ನೋಡಿದಳು. "ಇದೇನು ಗಾಶೆ, ಬರೀ ಕಿಟಕಿ ಅಚ್ಚು ಹಾಕ್ತಿದೆ. ಮನೆ ಎಲ್ಲಿ?"

ಅತೊ ಸಿಸಾಯ್, "ಹೆಸರನ್ನ ಇಂಗ್ಲಿಷ್ ಅಕ್ಷರದಲ್ಲಿ ಹಾಕಿ ಬಿಡಿ ಗಾಶೆ, ಫೋನಲ್ಲಿ ಮಕ್ಕಳೆಲ್ಲ ಹಾಗೇ ಬರೀತಾರೆ" ಎಂದರು. ನಾನು ಒಪ್ಪುವುದಿಲ್ಲವೆಂದು ತಾವು ಊಹಿಸಿರಬಹುದು. ಒಪ್ಪಿದೆ. ಕಥೆಗಳ ಕಪಾಟಿನಿಂದ ಇನ್ನೂರು ಪುಸ್ತಕಗಳಿಗೆ ಹಾಗೆ ಅಚ್ಚು ಹಾಕಿಸಿದೆ. ನಮ್ಮ ಮೂರು ಬಗೆಯ ಹಕಾರಗಳೂ ಎರಡು ಬಗೆಯ ಸಕಾರಗಳೂ ಅಲ್ಲಿ ಒಂದೊಂದೇ ಆದವು. ನಲವತ್ತೊಂದು ಪುಸ್ತಕಗಳಿಗೆ ಒಂದೇ ಚೀಟಿ ಬಂತು. ಬರೆದವರು ಹದಿನಾಲ್ಕು ಜನ. ಆದರೂ ಕಂಟೇನರಿಗಿಂತ ಮೇಲೆಂದು ಮುಂದುವರಿಸುತ್ತಿದ್ದೆ. ಮಾರನೆಯ ದಿನ ಉಳಿದ ಚೀಟಿಯ ಸುರುಳಿಗಳನ್ನು ಇಂಗ್ಲಿಷ್ ಪಠ್ಯಪುಸ್ತಕಗಳಿಗೆಂದು ಪುರಸಭೆಯವರು ಒಯ್ದರು. ಯಂತ್ರದೊಂದಿಗೆ ಬಂದಿದ್ದದ್ದು ಎರಡೇ ಸುರುಳಿ. ಆ ಅಗಲದ ಸುರುಳಿ ಈ ಊರಿನಲ್ಲಿಲ್ಲ, ದೊಡ್ಡ ಪೇಟೆಯಾದ ಡೆಸ್ಸಿಯಲ್ಲೂ ಇಲ್ಲವಂತೆ. ನಾನು ಅಂಟಿಸಿದ್ದ ಇನ್ನೂರನ್ನೂ ಒಂದೇ ಥರದವು ಹಲವಿವೆ ಎಂದು ಪುರಸಭೆಯ ಸಮಿತಿಯವರು ತಿರಸ್ಕರಿಸಿದರು. ಆ ವಿಷಯದಲ್ಲಿ ಅವರು ಹೇಳಿದ್ದು ಸರಿ.

ಒಂದು ಪ್ರಶ್ನೆಗೆ ತಾವು ಉತ್ತರ ಕೊಡಬೇಕು. ಅರ್ಜಿ ಗಣಕಕ್ಕೆ ಹೋಗುವ ಮುನ್ನ ತಮ್ಮ ಮೇಜನ್ನು ದಾಟಿತ್ತು. ತಾವು ಆ ತಾರೀಕನ್ನು ನೋಡಿರಲಿಲ್ಲವೆ?

ಅಬೆಗಾಜ್ ಮೆರ್ಷಾ


ಅಡಿಸ್ ಅಬಾಬಾ
20 ಆಗಸ್ಟ್ 2018

ಗಾಶೆ ಅಬೆಗಾಜ್,

ನೋಡಿದ್ದೆ.

ಮುಂದೆ ಏನಾಗುತ್ತದೆಂಬುದೂ ಗೊತ್ತಿತ್ತು. ಪಕ್ಕದಲ್ಲಿ ಪೆನ್ಸಿಲಿನಿಂದ ಒಂದು ಸಾಲು ಬರೆದಿದ್ದರೆ ಸಾಕಿತ್ತು. ಬೇರೆ ಊರುಗಳ ನಾಲ್ಕು ಅರ್ಜಿಗಳಿಗೆ ಹಾಗೆ ಬರೆದೆ. ನಿಮ್ಮದನ್ನು ಎದುರಿಗಿಟ್ಟುಕೊಂಡು ಕಾಫಿ ಆರುವಷ್ಟು ಹೊತ್ತು ಕುಳಿತಿದ್ದೆ. ಆಮೇಲೆ ಹಾಗೆಯೇ ಕಳುಹಿಸಿದೆ.

ನಾನು ಅಲ್ಲಿಂದ ಏಕೆ ಹೊರಟೆನೆಂದು ನೀವು ಎಂದೂ ಕೇಳಲಿಲ್ಲ. ಒಂಬತ್ತು ವರ್ಷದ ಹಿಂದೆ, ತಿಮ್ಕತ್ ಹಬ್ಬದ ಮುಂದಿನ ವಾರ, ಮೇಷ್ಟ್ರು ಸಾಹ್ಲು ತಮ್ಮ ವ್ಯಾಕರಣದ ಪುಸ್ತಕದ ನೂರ ನಲವತ್ತು ಪ್ರತಿಗಳನ್ನು ಗ್ರಂಥಾಲಯಕ್ಕೆ ಕೊಟ್ಟಿದ್ದರು. ಅವಕ್ಕೆಲ್ಲ ಬೆನ್ನುಚೀಟಿ ಬರೆದವಳು ನಾನು. ಮುಖಪುಟದಲ್ಲಿ ಅವರು ತಮ್ಮ ಹೆಸರನ್ನು ಬೆಂಕಿಯ ಸಕಾರದಿಂದ ಬರೆದುಕೊಂಡಿದ್ದರು, ನಾನೂ ಹಾಗೆಯೇ ಬರೆದೆ. ಓದುಮನೆ ತುಂಬಿತ್ತು. ನೀವು ಒಂದು ಪ್ರತಿಯನ್ನು ಎತ್ತಿ ಹಿಡಿದು ಹೇಳಿದಿರಿ: "ಅರಸನ ಸ ಯಾವುದು, ಬೆಂಕಿಯ ಸ ಯಾವುದು ಅಂತ ಗೊತ್ತಿಲ್ಲದೋರು ಹೊಲಕ್ಕೆ ಹೋಗಿ ಈರುಳ್ಳಿ ಕೀಳಬೇಕು, ಇಲ್ಲಿ ಕೂರಬಾರದು."

ಮೇಷ್ಟ್ರು ಅಲ್ಲೇ ಕುಳಿತಿದ್ದರು. "ಬಿಡು ಅಬೆಗಾಜ್, ಹೇಗೆ ಬರೆದು ಕರೆದ್ರೂ ಬರೋನು ನಾನೇ ತಾನೆ."

"ನಿನ್ನ ಹೆಸರನ್ನ ನೀನೇ ತಪ್ಪಾಗಿ ಬರೀತೀಯ, ಸಾಹ್ಲು. ಸುಮ್ಮನಿರು."

ಎಲ್ಲರೂ ನಕ್ಕರು. ಬೆಚ್ಚನೆಯ ನೀರಿನ ಬಟ್ಟೆ ಇಟ್ಟು ನೂರ ನಲವತ್ತು ಚೀಟಿಗಳನ್ನು ಅವರೆಲ್ಲರ ಎದುರು ಕಿತ್ತೆ. ಮೇಷ್ಟ್ರು ಹೊರಟುಹೋದರು. ನಾನು ಸೋಮವಾರದ ಬಸ್ಸು ಹಿಡಿದೆ.

ಇನ್ನೊಬ್ಬರ ಪುಟಕ್ಕೆ ಕೈಹಾಕಬಾರದೆಂದು ಕಲಿಸಿದವರು ನೀವು. ಆ ದಿನ ಕೈಹಾಕಿದವರೂ ನೀವು. ನಿಮ್ಮ ಅರ್ಜಿ ಬಂದಾಗ ಕಲಿತ ಪಾಠವನ್ನು ಪಾಲಿಸಿದೆನೋ, ಆ ದಿನದ ಸೇಡು ತೀರಿಸಿಕೊಂಡೆನೋ ಎಂದು ನನ್ನನ್ನೇ ಕೇಳಿಕೊಳ್ಳುತ್ತಿದ್ದೇನೆ. ನಾನು ಬರೆದ ಚೀಟಿಗಳೂ ಆ ಕಪಾಟುಗಳಲ್ಲಿವೆ ಎಂಬುದು ನಿಮಗೆ ಸಮಾಧಾನವಾಗಲಿ ಎಂದು ಬರೆಯುತ್ತಿಲ್ಲ. ನನಗೂ ಅದರಿಂದ ಸಮಾಧಾನವಿಲ್ಲ.

ಮೂರನೆಯ ಯಂತ್ರದ ಮಾರಾಟಗಾರರಿಗೆ, ಎರಡು ಶಾಲೆಗಳಿಗೆ, ಒಂದು ಅಚ್ಚುಕೂಟಕ್ಕೆ ಬರೆದೆ. ಯಾರ ಬಳಿಯೂ ಹೆಚ್ಚಿನದಿಲ್ಲ. ನನ್ನಿಂದ ಇನ್ನೇನೂ ಆಗುವುದಿಲ್ಲ.

ತಿರಿಂಗೊ


ಗೊಶ್ ಮೇದಾ
15 ಸೆಪ್ಟೆಂಬರ್ 2018

ಮಾನ್ಯ ತಿರಿಂಗೊ ಅವರಿಗೆ,

ಅಕ್ಷರಗಳು ಸಾಲು ಬಿಟ್ಟು ಹೋಗಿವೆ. ಓದಲು ತೊಂದರೆಯಾದರೆ ಮನ್ನಿಸಬೇಕು.

ಪುಸ್ತಕಗಳನ್ನು ಸಾಗಿಸಲು ನಾಲ್ಕು ದಿನ ಹಿಡಿಯಿತು. ಅನುಕ್ರಮ ಕೆಡದಂತೆ ಕಟ್ಟಿಸಿದೆ. ಕಂಟೇನರಿನ ಬಾಗಿಲಿನವರೆಗೆ ಕೆಡಲಿಲ್ಲ. ಒಳಗೆ ಕೂಲಿಯವರು ಸಿಕ್ಕಲ್ಲಿ ಒಟ್ಟಿದರು. "ಕತ್ತಲಲ್ಲಿ ಯಾರು ಓದ್ತಾರೆ ಅಪ್ಪಾಜಿ, ಹೇಗಿದ್ರೇನು" ಎಂದ ಅವರಲ್ಲೊಬ್ಬ. ಕೆಳಗಿನ ಸಾಲಿಗೆ ಜೆಹಾರಾ ತನ್ನ ಮನೆಯ ಎರಡು ಹಾಸುಹಲಗೆಗಳನ್ನು ತಂದು ಹಾಕಿದಳು. ಅವು ಒಂದು ಮಳೆಗಾಲ ತಡೆಯಬಹುದು. ಬೀಗದ ಕೈ ಪುರಸಭೆಯಲ್ಲಿದೆ.

ಮೇಷ್ಟ್ರು ಸಾಹ್ಲು ಅವರ ಪುಸ್ತಕಗಳನ್ನು ನಾನೇ ಕಟ್ಟಿದೆ. ನೂರ ಮೂವತ್ತೇಳು ಉಳಿದಿವೆ. ಎಲ್ಲದರ ಬೆನ್ನ ಮೇಲೂ ನನ್ನ ಅರಸನ ಸ, ಮುಖಪುಟದಲ್ಲಿ ಅವರ ಬೆಂಕಿಯ ಸ. ಇಷ್ಟು ವರ್ಷ ಎರಡನ್ನೂ ಒಟ್ಟಿಗೆ ನೋಡಿರಲಿಲ್ಲ. ಕಪಾಟಿನಲ್ಲಿ ಬೆನ್ನು ಮಾತ್ರ ಕಾಣುತ್ತದೆ. ಅವರು ತೀರಿಕೊಂಡು ಮೂರು ವರ್ಷವಾಯಿತು. ಆ ದಿನದ ನಂತರ ಅವರು ಗ್ರಂಥಾಲಯದೊಳಗೆ ಬರಲಿಲ್ಲ. ದಾರಿಯಲ್ಲಿ ಸಿಕ್ಕರೆ ನಮಸ್ಕರಿಸುತ್ತಿದ್ದರು. ಏಕೆ ಬರುತ್ತಿಲ್ಲವೆಂದು ನಾನು ಅವರನ್ನೂ ಕೇಳಲಿಲ್ಲ.

ತಾವು ಮಾಡಿದ್ದು ಸರಿ ಎಂದು ಬರೆಯಲಾರೆ. ತಪ್ಪು ಎಂದು ಬರೆಯುವ ಹಕ್ಕು ನನಗಿಲ್ಲ. ಪೆನ್ಸಿಲಿನ ಒಂದು ಸಾಲನ್ನು ತಾವು ಬರೆದಿದ್ದು ನನಗೆ ಗೊತ್ತಾಗಿದ್ದರೆ, ಅರ್ಜಿಯನ್ನು ಹಿಂದಕ್ಕೆ ತರಿಸಿ ಅಳಿಸುತ್ತಿದ್ದೆನೋ ಏನೋ. ಹಾಗೆ ಮಾಡುತ್ತಿರಲಿಲ್ಲವೆಂದು ಆಣೆ ಇಡಲಾರೆ.

ಹೊಸ ಓದುಮನೆಯ ಬಾಗಿಲು ತೆರೆದ ದಿನ ಹೋಗಿದ್ದೆ. ಬೆಳಕು ಚೆನ್ನಾಗಿದೆ. ಹೈಸ್ಕೂಲಿನ ಹುಡುಗಿಯೊಬ್ಬಳು ಬಂದು, "ಗಾಶೆ, ನಮ್ಮ ಭಾಷೆದು ಯಾವ ಕಡೆ ಇದೆ?" ಎಂದು ಕೇಳಿದಳು. ಹಿಂದಿನ ಅಂಗಳದ ಕಡೆ ಕೈ ತೋರಿಸಿದೆ. ಹೋಗಿ ಬೀಗ ನೋಡಿಕೊಂಡು ಬಂದಳು.

ನಾನು ಮುಂದೆ ಬರೆಯುವುದಿಲ್ಲ, ಕೈ ಒಪ್ಪುವುದಿಲ್ಲ. ಆರು ವರ್ಷದ ನಂತರ ಯಾರಾದರೂ ಈ ಕಡತವನ್ನು ತೆರೆದರೆ ಯಂತ್ರಕ್ಕೂ ಓದಲು ಬರಲಿ ಎಂದು, ತಾರೀಕುಗಳನ್ನು ಪರದೇಶದ ಎಣಿಕೆಗೆ ತಿದ್ದಿ ಕೆಳಗೆ ಕೊಟ್ಟಿದ್ದೇನೆ. ಇದನ್ನು ಅರ್ಜಿಯ ಜೊತೆಗೆ ಸೇರಿಸಬೇಕಾಗಿ ಕೋರುತ್ತೇನೆ. ಎಲ್ಲಿಯಾದರೂ ತಪ್ಪಿದ್ದರೆ ತಾವೇ ತಿದ್ದಬಹುದು.

ಅಬೆಗಾಜ್ ಮೆರ್ಷಾ

ತಾರೀಕುಗಳ ತಿದ್ದುಪಡಿ

ತಿರ್ 19, 2001: 27 ಜನವರಿ 2009 ಎಂದು ಓದಿಕೊಳ್ಳುವುದು. ನೂರ ನಲವತ್ತು ಚೀಟಿಗಳನ್ನು ಕೀಳಿಸಿದ ದಿನ. ನನ್ನ ಯಾವ ಪತ್ರದಲ್ಲೂ ಬಂದಿರಲಿಲ್ಲ. ಆ ಚೀಟಿಗಳ ಮೇಲೆ ತಾವು ಮೊದಲು ಬರೆದಿದ್ದದ್ದೇ ಸರಿ.

ಮಿಯಾಜ್ಯ 12, 2010: 20 ಏಪ್ರಿಲ್ 2018.

06/09/10: 14 ಮೇ 2018. ಅರ್ಜಿಯ ದಿನ. ಅರ್ಜಿ ಹಳೆಯದಾಗಿರಲಿಲ್ಲ.

ಸೆನೆ 20, 2010: 27 ಜೂನ್ 2018.

ನೆಹಾಸೆ 3, 2010: 9 ಆಗಸ್ಟ್ 2018.

ನೆಹಾಸೆ 29, 2010: 4 ಸೆಪ್ಟೆಂಬರ್ 2018. ಕಂಟೇನರಿಗೆ ಬೀಗ ಹಾಕಿದ ದಿನ. ಒಳಗೆ 6,410.

ಮೆಸ್ಕೆರೆಮ್ 1, 2011: 11 ಸೆಪ್ಟೆಂಬರ್ 2018. ಹೊಸ ಓದುಮನೆ ತೆರೆದ ದಿನ. ನಮ್ಮ ಅಕ್ಷರದ ಪುಸ್ತಕ: ಇಲ್ಲ.